ನಾಲ್ಕು ಬೆರಳು ಮಡಿಕೆ

ಗಂಜಿ ಹಾಕಿದ ಹೊಸ ಬಟ್ಟೆಯ ತಾನಿನ ಸುರುಳಿ ಬಿಚ್ಚಿದರೆ ಒಂದು ವಾಸನೆ ಬರುತ್ತದೆ. ಮೂಗಿಗೆ ಒಣ ಒಣ, ಗಂಟಲಿಗೆ ಸ್ವಲ್ಪ ಕೆರೆತ. ನನ್ನ ಪಾಲಿಗೆ ಮೇ ತಿಂಗಳ ಕೊನೆ ಅಂದರೆ ಆ ವಾಸನೆಯೇ. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಟೈಲರಿಂಗ್ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಶಾಲೆ ಶುರುವಾಗುವ ಮುಂಚಿನ ಹದಿನೈದು ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೀಲಿ ಲಂಗ, ಬಿಳಿ ಅಂಗಿ, ಚೌಕಳಿ ಪಿನೋಫಾರಂ, ಅದರ ಮಧ್ಯೆ 'ನಾಳೆಗೇ ಬೇಕು ಅಕ್ಕ' ಅನ್ನುವ ತಾಯಂದಿರು. ನಾಳೆಗೇ ಬೇಕಾದವರು ನಿನ್ನೆ ಬರಬೇಕಿತ್ತು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಮೊನ್ನೆ ಆ ಗದ್ದಲದ ನಡುವೆಯೇ ಕಾವ್ಯ ಬಂದಳು. ಶ್ರೀರಾಂಪುರದ ಒಳಗಿನ ಎರೆಹಟ್ಟಿಯವಳು, ಕುರಿಯವರ ಮನೆ ಹುಡುಗಿ. ಐದನೇ ಕ್ಲಾಸು ಮುಗಿಸಿ ಆರಕ್ಕೆ ಶ್ರೀರಾಂಪುರಕ್ಕೆ ಹೋಗುತ್ತಾಳೆ. ಬಟ್ಟೆಯ ಗಂಟು ಮೇಜಿನ ಮೇಲಿಟ್ಟು, ಪಾಠ ಒಪ್ಪಿಸುವಂತೆ ನಿಂತು ಹೇಳಿದಳು:

"ಅಕ್ಕ, ಲಂಗದ ಕೆಳಗಿನ ಮಡಿಕೆ ನಾಲ್ಕು ಬೆರಳು ಬಿಡಬೇಕಂತೆ. ಅಜ್ಜಿ ಹೇಳಿ ಕಳಿಸೈತೆ."

ಗುಂಡಿ ಹಾಕುತ್ತಿದ್ದ ನನ್ನ ಹುಡುಗಿಯರು ಕಿಸಕ್ಕನೆ ನಕ್ಕರು. "ಅಕ್ಕಂಗೇ ಹೊಲಿಗೆ ಹೇಳ್ಕೊಡಾಕೆ ಬಂದಾಳೆ ನೋಡ್ರೇ!" ನಾನು ನಗಲಿಲ್ಲ. ಟೇಪು ಹಿಡಿದು ಅಳತೆ ತೆಗೆದೆ. ಐದು ಬೆರಳು ಬಿಟ್ಟು ಕತ್ತರಿಸಿದೆ.

ಯಾಕೆ ನಗಲಿಲ್ಲ ಎಂಬುದು ನಾಲ್ಕು ವರ್ಷದ ಹಿಂದಿನ ಬೇಸಿಗೆಯ ವಿಚಾರ. ನೆನಪಾದರೆ ಈಗಲೂ ಮೊದಲು ಬರುವುದು ಸಿಟ್ಟೇ, ಅದೂ ನಮ್ಮ ಮನೆಯವರ ಮೇಲೆ.

ನಮ್ಮ ಮನೆಯವರು ಎರೆಹಟ್ಟಿಯ ಸರ್ಕಾರಿ ಶಾಲೆಯ ಮೇಷ್ಟ್ರು. ಒಂದರಿಂದ ಐದರ ತನಕ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹೆಡ್ಮಾಷ್ಟ್ರೂ ಇವರೇ, ಗಂಟೆ ಹೊಡೆಯುವವರೂ ಇವರೇ. ಮೇಷ್ಟ್ರನ್ನು ಮದುವೆಯಾಗಲು ಹೊರಟ ಹುಡುಗಿಯರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಬೇಸಿಗೆ ರಜೆ ಸಿಗುತ್ತದೆ ಎಂಬ ಆಸೆಗೆ ಮಾತ್ರ ಒಪ್ಪಬೇಡಿ. ಆ ರಜೆ ಕ್ಯಾಲೆಂಡರಿನಲ್ಲಿ ಇರುತ್ತದೆ, ಮನೆಗೆ ಬರುವುದಿಲ್ಲ.

ಆ ವರ್ಷ ಏಪ್ರಿಲ್‌ನಲ್ಲೇ ಮೂರು ಕೆಲಸಕ್ಕೆ ಅವರ ಹತ್ತಿರ ಮಾತು ತೆಗೆದುಕೊಂಡಿದ್ದೆ. ಅಂಗಡಿಯ ಸೋರುವ ಶೀಟು ಬದಲಾಯಿಸುವುದು, ಹಿರಿಯೂರಿನ ನನ್ನ ತಂಗಿ ಮನೆಯಲ್ಲಿ ಎರಡು ದಿನ ಇದ್ದು ಬರುವುದು, ಮಗಳು ಸಿಂಚನಳಿಗೆ ಚಿತ್ರದುರ್ಗದ ಕೋಟೆ ತೋರಿಸುವುದು. ಕೋಟೆ ಎಂದರೆ ದೆಹಲಿಯಲ್ಲಿಲ್ಲ, ಬಸ್ಸು ಹತ್ತಿದರೆ ಬೆಳಗಿನ ತಿಂಡಿ ಕರಗುವುದರೊಳಗೆ ಸಿಗುತ್ತದೆ. ಮೂರು ಬೇಸಿಗೆಯಿಂದ ಅದೂ ಆಗಿರಲಿಲ್ಲ. ಮೊದಲು ತರಬೇತಿ ಅಂದರು. ಆಮೇಲೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿದರು. ಆಮೇಲೆ ಯಾವುದೋ ಮಾಹಿತಿಯನ್ನು ಮೊಬೈಲಿನಲ್ಲಿ ಏರಿಸಬೇಕೆಂದು ಮಹಡಿ ಹತ್ತಿ ನೆಟ್‌ವರ್ಕ್ ಹುಡುಕುತ್ತಾ ಎರಡು ದಿನ ಕಾಗೆಯಂತೆ ಕೂತರು. ಮೇ ಇಪ್ಪತ್ತು ಕಳೆದರೂ ಶೀಟು ಹಾಗೇ ಸೋರುತ್ತಿತ್ತು. ಮುಂಗಾರಿನ ಮುಂಚಿನ ಒಂದು ಮಳೆಗೆ ಅರ್ಧ ತಾನು ಬಿಳಿ ಬಟ್ಟೆ ಕಲೆಯಾಯಿತು. ಬಕೀಟು ಇಟ್ಟವಳು ನಾನೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಮುದ್ದೆ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

"ಏನ್ರಿ, ಮುದ್ದೆಗೂ ಪಾಠ ಹೇಳ್ತಿದೀರಾ?"

"ಎಂಟೇ ಆಗ್ತವೆ" ಅಂದರು.

"ಏನು ಎಂಟು?"

"ಮಕ್ಕಳು."

ಹನ್ನೊಂದಿದ್ದವರಲ್ಲಿ ಮೂವರು ಐದನೇ ಕ್ಲಾಸು ಮುಗಿಸಿದ್ದರು, ಹೊಸಬರು ಯಾರೂ ಇರಲಿಲ್ಲ. ಹತ್ತಾದರೂ ಇಲ್ಲದಿದ್ದರೆ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿ ಇವರನ್ನು ಬೇರೆ ಕಡೆ ಹಾಕುತ್ತಾರೆ ಎಂಬ ಮಾತು ಆಗಲೇ ಓಡಾಡುತ್ತಿತ್ತು. ಹಿರಿಯೂರು ತಾಲ್ಲೂಕಿನ ಆಂಧ್ರದ ಗಡಿಯ ಕಡೆ ಜಾಗ ಖಾಲಿ ಇದೆ ಎಂದು ಯಾರೋ ಹೇಳಿದ್ದರು. ಅಲ್ಲಿಂದ ದಿನಾ ಹೋಗಿ ಬರುವ ಮಾತೇ ಇಲ್ಲ. ಒಂದೋ ಇವರು ಅಲ್ಲಿ, ನಾವು ಇಲ್ಲಿ. ಇಲ್ಲವೇ ನಾನು ಅಂಗಡಿ ಮುಚ್ಚಿ ಹೊರಡಬೇಕು. ಒಂದು ಹಳೇ ಮಿಷನ್ನು ಜಗಲಿಯ ಮೇಲಿಟ್ಟು, ಹರಿದ ದಿಂಬಿನ ಚೀಲ ಹೊಲಿಯುವುದರಿಂದ ಶುರು ಮಾಡಿ ಹನ್ನೊಂದು ವರ್ಷ ಕಟ್ಟಿದ ಅಂಗಡಿ ಅದು. ಗಿರಾಕಿ ಏನು ಕುರಿಯೇ, ಹೋದಲ್ಲೆಲ್ಲ ಹಿಂದೆ ಬರಲು?

"ಹಟ್ಟಿಯಲ್ಲಿ ಶಾಲೆಗೆ ಬರೋ ವಯಸ್ಸಿನವು ಯಾರೂ ಇಲ್ವಾ?" ಅಂದೆ.

"ಈರಜ್ಜಿ ಮನೇಲಿ ಎರಡು ಹುಡುಗೀರು ಅವೆ. ಕಾವ್ಯ, ಪವಿತ್ರ. ಆರು ತಿಂಗಳು ಕುರಿ ಹಿಂದೆ ಹೋಗ್ತಾವೆ, ಹೆಸರು ಎಲ್ಲೂ ಇಲ್ಲ. ಮೂರು ಸಲ ಹೋಗಿ ಕೇಳ್ದೆ."

"ಏನಂದ್ರು?"

"ನೋಡಾಣ ಅಂದ್ರು."

ಮೂರು ಸಲವೂ ಇವರು ಬರಿಗೈಲಿ ಬಂದಿರಲಿಲ್ಲ, ಅದು ಬೇರೆ. ಒಂದು ಸಲ ಹುಣಸೆಹಣ್ಣು, ಒಂದು ಸಲ ಮಜ್ಜಿಗೆ, ಒಂದು ಸಲ ಎರಡು ಸೌತೆಕಾಯಿ. ಮಕ್ಕಳು ಮಾತ್ರ ಇಲ್ಲ. ಇಷ್ಟು ವರ್ಷ ಅಂಗಡಿ ನಡೆಸಿದವಳು ಹೇಳುತ್ತೇನೆ, ಕೇಳಿ: ಬೈದು ಹೋದ ಗಿರಾಕಿ ತಿರುಗಿ ಬರುತ್ತಾನೆ, ನೋಡಾಣ ಅಂದು ಹೋದವನು ಬರುವುದಿಲ್ಲ. ನೋಡಾಣ ಅಂದವರನ್ನು ಜಾಗ ಬಿಟ್ಟು ಏಳಲು ಬಿಡಬಾರದು.

"ನಾಳೆ ನಾನೇ ಬರ್ತೀನಿ, ನಡೀರಿ" ಅಂದೆ. ಅಂಗಡಿಯಲ್ಲಿ ಹದಿನೇಳು ಲಂಗ ಬಾಕಿ ಇದ್ದವು. ಆದರೂ ಹೊರಟೆ. ನನ್ನ ವ್ಯಾಪಾರ ಉಳಿಸಿಕೊಳ್ಳಲು ನಾನು ಹೋದದ್ದು, ಯಾರ ಉದ್ಧಾರಕ್ಕೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈರಜ್ಜಿ ಬೇವಿನ ಮರದ ಕೆಳಗೆ ಉಣ್ಣೆ ಹಿಂಜುತ್ತಾ ಕೂತಿದ್ದರು. ಪಕ್ಕದಲ್ಲಿ ಎಂಟು ವರ್ಷದ ಕಾವ್ಯ ಒಂದು ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಆರರ ಪವಿತ್ರ ಆ ಮರಿಯ ಬಾಲ ಹಿಡಿದಿದ್ದಳು, ಯಾಕೋ ಅವಳಿಗೇ ಗೊತ್ತು.

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ. ಈ ಸಲ ಹೆಂಡ್ರನ್ನೂ ಕರ್ಕಂಡ್ ಬಂದೀರಿ. ಜಾಮೀನಿಗಾ?"

ಮೇಷ್ಟ್ರು ನಕ್ಕು ಕಂಬಳಿಯ ಮೇಲೆ ಕೂತರು. ನಾನು ನನ್ನ ಗಂಟು ಬಿಚ್ಚಿದೆ. ಅಂದರೆ ಮಾತಿನ ಗಂಟು. ಪುಸ್ತಕ ಪುಕ್ಕಟೆ, ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ. ಸರ್ಕಾರದ ಬಟ್ಟೆ ಬರೋತನಕ ಕಾಯೋದೂ ಬೇಡ, ಇಬ್ಬರಿಗೂ ನಾನೇ ಯೂನಿಫಾರಂ ಹೊಲಿದುಕೊಡ್ತೀನಿ ಅಂದೆ.

ಈರಜ್ಜಿ ಉಣ್ಣೆಯಿಂದ ಕಣ್ಣೆತ್ತಲಿಲ್ಲ. "ಹಾಲು ನಮ್ಮನ್ಯಾಗೆ ಐತೆ. ಮೊಟ್ಟೆ ಕೋಳಿ ಇಕ್ಕುತ್ತೆ. ಇನ್ನೇನೈತವ್ವ ನಿನ್ನ ಗಂಟಿನಾಗೆ?"

"ವಿದ್ಯೆ ಐತಲ್ಲ ಅಜ್ಜಿ. ಮೇಷ್ಟ್ರು ಚೆನ್ನಾಗಿ ಹೇಳ್ಕೊಡ್ತಾರೆ."

"ಅಷ್ಟು ಚೆಂದಾಗಿ ಹೇಳ್ಕೊಡ್ತಾರಾ?"

"ಹ್ಞೂಂ ಅಜ್ಜಿ. ತಾಲ್ಲೂಕಿಗೇ ಹೆಸರು."

"ಹಂಗಾರೆ ನಿನ್ನ ಮಗಳ್ನ ಯಾಕೆ ಹಳದಿ ಬಸ್ಸಿಗೆ ಹತ್ತುಸ್ತೀಯ?"

ಸಿಂಚನ ಹೊಸದುರ್ಗದ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸು ಮುಗಿಸಿದ್ದಳು. ಅದನ್ನು ಮೂರು ವರ್ಷದಿಂದ ಆ ಹಟ್ಟಿಯಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು. ನಾನು ಮೇಷ್ಟ್ರ ಕಡೆ ನೋಡಿದೆ. ಈ ಮನುಷ್ಯ ಬೇವಿನ ಮರದಲ್ಲಿ ಎಷ್ಟು ಎಲೆ ಇವೆ ಎಂದು ಎಣಿಸುತ್ತಿದ್ದರು. ಮಗಳನ್ನು ತಮ್ಮ ಶಾಲೆಗೇ ಹಾಕಬೇಕೆಂಬ ಆಸೆ ಅವರಿಗೆ ಮೊದಲಿಂದಲೂ ಇತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಹೇಳದವರ ಹತ್ತಿರ ಗೆಲ್ಲುವುದು ಹೇಗೆ?

"ಯಾರ ಮಗಳೇ ನೀನು?" ಈರಜ್ಜಿ ಈಗ ತಲೆ ಎತ್ತಿದರು.

"ತಾಳ್ಯದ ಕಡೆಯೋಳು ಅಜ್ಜಿ. ಕುರಿ ವ್ಯಾಪಾರದ ಸಣ್ಣೀರಪ್ಪನ ಮಗಳು."

"ಓಹೋ! ಸಣ್ಣೀರಪ್ಪನ ಮಗಳು ಬಾಯಾಗೆ ವ್ಯಾಪಾರ ಮಾಡ್ತಾಳಾ? ಕೈ ಕೊಡು."

ಕುರಿ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಲೆಕ್ಕ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಒಪ್ಪಿ ಕೈ ಬಿಟ್ಟ ಮೇಲೆ ಮಾತು ತಿರುಗಿಸುವ ಹಾಗಿಲ್ಲ. ಗಂಡಸರ ಆಟ ಅದು. ಅಪ್ಪ ನನ್ನನ್ನು ಚಿಕ್ಕಂದಿನಲ್ಲಿ ಸಂತೆಗೆ ಕರೆದೊಯ್ಯುತ್ತಿದ್ದರಿಂದ ನಾನೂ ಕಲಿತಿದ್ದೆ. ಈ ಮುದುಕಿ ಎಲ್ಲಿ ಕಲಿತಿತ್ತೋ.

ಈರಜ್ಜಿ ಸೆರಗನ್ನು ನನ್ನ ಕೈ ಮೇಲೆ ಎಳೆದುಕೊಂಡರು. ಉಣ್ಣೆಯ ಜಿಡ್ಡು ಹಿಡಿದ ಒರಟು ಕೈ. ನನ್ನ ಎರಡು ಬೆರಳು ಹಿಡಿದು "ಇಷ್ಟು ನಂದು" ಅಂದರು. ಆಮೇಲೆ ಒಂದೇ ಬೆರಳು ಹಿಡಿದು, ಹಿಂಡಿ, "ಇಷ್ಟು ನಿಂದು" ಅಂದರು.

ಎರಡಕ್ಕೆ ಒಂದು. ಅವರ ಎರಡು ಹುಡುಗಿಯರು ಬರಬೇಕಾದರೆ ನನ್ನ ಮಗಳೂ ಅದೇ ಶಾಲೆಗೆ ಬರಬೇಕು. ನನ್ನ ತಲೆ ಓಡತೊಡಗಿತು. ಮಕ್ಕಳ ಲೆಕ್ಕ ಮೇಲಿನವರಿಗೆ ಹೋಗುವುದು ದಸರೆಯ ಒಳಗೆ. ಅಲ್ಲಿಯ ತನಕ ಸಿಂಚನ ಇದ್ದರೆ ಸಾಕು. ನಾನು ಮೆಲ್ಲಗೆ ಅಜ್ಜಿಯ ಬೆರಳಿನ ನಡುಗೆಣ್ಣು ಒತ್ತಿದೆ. ಅರ್ಧ. ಅರ್ಧ ವರ್ಷ.

ಸೆರಗಿನೊಳಗೇ ನನ್ನ ಕೈಗೆ ಪಟ್ಟನೆ ಒಂದು ಏಟು ಬಿತ್ತು. "ಲೇ, ಮಗು ಅರ್ಧ ಆಗುತ್ತೇನೇ?"

ಮತ್ತೆ ಬೆರಳು ಹಿಂಡಿದರು. ನಾನು ಹ್ಞೂಂ ಅಂದೆ. ಕೈ ಬಿಟ್ಟರು. ಬಾಯಲ್ಲಿ ಹ್ಞೂಂ ಅಂದರೂ ನನ್ನ ಮನಸ್ಸು ಆ ಗೆಣ್ಣಿನ ಮೇಲೇ ನಿಂತಿತ್ತು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. "ನಂಗೇನು ಕೊಡ್ತೀಯ?" ಅಂದಳು.

"ಕೋಟೆ ತೋರಿಸ್ತೀವಿ."

"ಅದು ಮೂರು ವರ್ಷದ ಹಿಂದಿಂದು. ಹೊಸದೇನು?"

ಕೊನೆಗೆ ಒಪ್ಪಂದವಾದದ್ದು ಹೀಗೆ: ಕೋಟೆಗೆ ಅದೇ ಭಾನುವಾರ ಹೋಗಬೇಕು, ಬೈಕಿನಲ್ಲಿ ಅವಳು ಮುಂದೆ ಕೂರಬೇಕು, ಶಾಲೆಯಲ್ಲಿ ಅಪ್ಪನನ್ನು ಸಾರ್ ಅನ್ನುವುದಿಲ್ಲ, ಅಪ್ಪ ಎಂದೇ ಕರೆಯುವುದು. ಮೇಷ್ಟ್ರು ಮೂರಕ್ಕೂ ತಲೆಯಾಡಿಸಿದರು. ಅವರ ಮುಖ ನೋಡಬೇಕಿತ್ತು. ಲಾಟರಿ ಹೊಡೆದವರೂ ಅಷ್ಟು ಹಲ್ಲು ಬಿಡುವುದಿಲ್ಲ. ಭಾನುವಾರ ಕೋಟೆಗೆ ಹೋದೆವು. ಕಲ್ಲು ಬಿಸಿಯಾಗಿ ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ಒಂದು ಬಾಗಿಲು ದಾಟುವುದರೊಳಗೆ ಬಿಸಿಯೂಟದ ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಫೋನು ಬಂತು. ಇವರು ಬತೇರಿ ಗೋಡೆಯ ನೆರಳಲ್ಲಿ ನಿಂತು ಸಿಲಿಂಡರ್ ಮಾತಾಡಿದರು, ನಾವಿಬ್ಬರೂ ಕೋಟೆ ನೋಡಿದೆವು.

ಇತ್ತ ನಾನು ನನ್ನ ಕೆಲಸ ಮುಗಿಸಿಕೊಂಡೆ. ಇಂಗ್ಲಿಷ್ ಮೀಡಿಯಂನಿಂದ ಟಿ.ಸಿ. ತೆಗೆದುಕೊಂಡೆ, ಸೀಟು ಮಾತ್ರ ಬಿಡಲಿಲ್ಲ. ಆಫೀಸಿನ ಮೇಡಂ ಹತ್ತಿರ ಕೂತು, ಅವರ ವಾರ್ಷಿಕೋತ್ಸವದ ಡ್ಯಾನ್ಸ್ ಬಟ್ಟೆಯನ್ನೆಲ್ಲ ಹೊಲಿದುಕೊಡುತ್ತೇನೆ, ದಸರಾ ರಜೆಯಾದ ಮೇಲೆ ಮಗಳನ್ನು ತಿರುಗಿ ಸೇರಿಸಿಕೊಳ್ಳಬೇಕು ಎಂದು ಒಪ್ಪಿಸಿದೆ. ಮೇಷ್ಟ್ರಿಗೆ ಹೇಳಲಿಲ್ಲ. ಆ ಶಾಲೆಗೆಂದು ಮೊದಲೇ ಹೊಲಿದು ಮುಗಿಸಿದ್ದ ಕೆಂಪು ಚೌಕಳಿಯ ಹೊಸ ಪಿನೋಫಾರಂ ಅನ್ನು ಮಡಿಸಿ ಬೀರುವಿನಲ್ಲಿ ಇಟ್ಟೆ.

ಆಮೇಲೆ ಆ ಎರಡು ಹುಡುಗಿಯರ ನೀಲಿ ಲಂಗ ಕತ್ತರಿಸಲು ಕೂತೆ. ಮಕ್ಕಳ ಬಟ್ಟೆ ಹೊಲಿಯುವವರು ಕೆಳಗೆ ಒಳಮಡಿಕೆ ಬಿಡುತ್ತಾರೆ. ಮಗು ಬೆಳೆದಂತೆ ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಅದೇ ಬಟ್ಟೆ ಇನ್ನೊಂದು ವರ್ಷ ಬರುತ್ತದೆ. ನನ್ನ ಮಗಳ ಪಿನೋಫಾರಂಗೂ ನೀಲಿ ಲಂಗಕ್ಕೂ ನಾಲ್ಕು ಬೆರಳು ಬಿಟ್ಟಿದ್ದೆ. ಇವೆರಡಕ್ಕೆ ಉಗುರಗಲ ಬಿಟ್ಟೆ. ದೀಪಾವಳಿಯಾದರೆ ಹೇಗೂ ಕುರಿಯ ಹಿಂದೆ ಹೊರಡುವ ಮಕ್ಕಳು. ಆರು ತಿಂಗಳ ಬಟ್ಟೆಗೆ ಎರಡು ವರ್ಷದ ಮಡಿಕೆ ಯಾಕೆ? ಉಳಿದ ಬಟ್ಟೆಯಲ್ಲಿ ಇನ್ನೊಂದು ಪುಟ್ಟ ಅಂಗಿಯ ಕಾಲರ್ ಆಯಿತು. ಆ ಕ್ಷಣಕ್ಕೆ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಶಾಲೆ ಶುರುವಾದ ದಿನ ಮಾವಿನೆಲೆ ಕಟ್ಟಿ, ಕೇಸರಿಬಾತು ಮಾಡಿಸಿದ್ದರು. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರು. "ಕಾವ್ಯ" ಅಂದರೆ "ಏನ್ರಿ ಮೇಷ್ಟ್ರೆ?" ಎಂದಳಂತೆ. "ಸಿಂಚನ" ಅಂದರೆ "ಬಂದೀನಲ್ಲಪ್ಪ, ಬೈಕಲ್ಲಿ ನೀನೇ ಕರ್ಕೊಂಡ್ ಬಂದೆ" ಎಂದಳಂತೆ. ಸಂಜೆ ಇದನ್ನು ಹೇಳಿ ಹೇಳಿ ನಗುತ್ತಿದ್ದ ಮನುಷ್ಯನಿಗೆ ಶೀಟು ನೆನಪಿಸಿದೆ. ನಾಳೆ ಅಂದರು.

ಮಳೆಗಾಲ ಹಾಗೇ ಕಳೆಯಿತು. ದಸರೆಗೆ ಮುಂಚೆ ಲೆಕ್ಕ ಮೇಲೆ ಹೋಯಿತು, ಶಾಲೆ ಉಳಿಯಿತು. ದಸರಾ ರಜೆ ಮುಗಿದರೂ ಮಗಳಿಗೆ ಹೇಗೆ ಹೇಳುವುದು ಎಂದು ನಾಲ್ಕು ದಿನ, ಎಂಟು ದಿನ ಮುಂದೂಡುತ್ತಾ ಬಂದೆ. ಅವಳು ಕಾವ್ಯಳ ಜೊತೆ ಸೇರಿ ಕುರಿ ಕೂಗುವುದನ್ನು ಕಲಿತಿದ್ದಳು. ಮನೆಯಲ್ಲಿ ನಾನು ಕರೆದರೆ ಕುರಿಯ ದನಿಯಲ್ಲಿ ಉತ್ತರ ಬರುತ್ತಿತ್ತು. ಇಂಗ್ಲಿಷ್ ಪದ್ಯ ಹೇಳುತ್ತಿದ್ದ ಬಾಯಿ!

ದೀಪಾವಳಿ ಕಳೆದ ಮೂರನೇ ದಿನ ಅಂಗಡಿಗೆ ಬಂದ ಶ್ರೀರಾಂಪುರದ ಹೆಂಗಸೊಬ್ಬಳು ಸುದ್ದಿ ಹೇಳಿದಳು. "ಎರೆಹಟ್ಟಿ ಕುರಿ ಹೊಂಟ್ವಲ್ಲಕ್ಕ. ಈರಜ್ಜಿ ಮನೆಯೋರು ಬೆಳಿಗ್ಗೇನೇ ಗಂಟು ಕಟ್ಟಿ ಹೋದ್ರು." ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಪ್ರತಿ ವರ್ಷ ಭದ್ರಾ ನಾಲೆಯ ಬಯಲಿಗೆ ಹೋಗುವವರು ಅವರು. ಬೇಸಿಗೆಗೇ ತಿರುಗಿ ಬರುವುದು.

ನನಗೆ ಸಿಟ್ಟು ಬರಬೇಕಿತ್ತು, ಬಂತು. ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು: ಮಾತು ಮುರಿದದ್ದು ಅವರು, ನಾನಲ್ಲ. ಮಗಳ ಟಿ.ಸಿ.ಗೆ ಅರ್ಜಿ ಬರೆದೆ, ಚೀಲದಲ್ಲಿ ಹಾಕಿಕೊಂಡೆ, ಬಸ್ಸು ಹತ್ತಿದೆ. ಶನಿವಾರ, ಶಾಲೆ ಅರ್ಧ ದಿನ. ಮೇಷ್ಟ್ರು ಬಾಗಿಲು ಹಾಕುವುದರೊಳಗೆ ಸಹಿ ಹಾಕಿಸಿಕೊಂಡು ಸೋಮವಾರವೇ ಹಳದಿ ಬಸ್ಸಿಗೆ ಹತ್ತಿಸುವುದು ಎಂದು ಲೆಕ್ಕ. ದಾರಿಯಲ್ಲೇ ಈರಜ್ಜಿಯ ಮನೆ. ಖಾಲಿ ಮನೆಯನ್ನು ಒಮ್ಮೆ ಕಣ್ಣಾರೆ ನೋಡಿ ಮೇಷ್ಟ್ರಿಗೆ ಹೇಳೋಣ ಎಂದು ತಿರುಗಿದೆ.

ಕುರಿ ರೊಪ್ಪ ಖಾಲಿ ಇತ್ತು. ಹಿಕ್ಕೆಯ ವಾಸನೆ ಮಾತ್ರ ಉಳಿದಿತ್ತು. ಹಟ್ಟಿ ತುಂಬ ಒಂದು ಮರಿಯ ಸದ್ದೂ ಇಲ್ಲ. ಬೇವಿನ ಮರದ ಕೆಳಗೆ ಈರಜ್ಜಿ ಒಬ್ಬರೇ ಉಣ್ಣೆ ಹಿಂಜುತ್ತಾ ಕೂತಿದ್ದರು.

"ಹೋಗ್ಲಿಲ್ವಾ ಅಜ್ಜಿ?"

"ಎಲ್ರೂ ಹೋದ್ರು. ನಾನು, ಹುಡುಗೀರು ಉಳ್ಕಂಡ್ವಿ. ಮದುವ್ಯಾಗಿ ಈ ಹಟ್ಟಿಗೆ ಬಂದಾಗಿಂದ ಮಂದೆ ಹಿಂದೆ ಹೋಗ್ದೇ ಇರೋದು ಇದೇ ಮೊದ್ಲು. ಮಗ ಬೈದ. ಸೊಸೆ ಅಲ್ಲಿ ಒಬ್ಳೇ ಅಡಿಗೆ ಮಾಡ್ಬೇಕು, ಅವಳೂ ಬೈದ್ಲು. ರಾತ್ರಿ ಕುರಿ ಉಸಿರಾಡೋ ಸದ್ದಿಲ್ದಿದ್ರೆ ನಿದ್ದೆ ಹತ್ತಲ್ಲ ಕಣವ್ವ."

"ಮತ್ತ್ಯಾಕೆ ಉಳ್ಕೊಂಡ್ರಿ?"

ಈರಜ್ಜಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಕೈ ಕೊಟ್ಟಿದ್ನಲ್ಲೇ. ನಿನ್ನದೊಂದು ಅಲ್ಲಿ ಕುಂತೈತೆ. ನನ್ನವೆರಡು ಎದ್ದು ಹೋದ್ರೆ ಹೆಂಗೆ?"

ಚೀಲವನ್ನು ನಾನು ಇನ್ನಷ್ಟು ಕಂಕುಳಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಶಾಲೆ ಬಿಟ್ಟು ಹುಡುಗಿಯರು ಬಂದರು. ಕಾವ್ಯ ಆರು ತಿಂಗಳಲ್ಲಿ ಜೋಳದ ದಂಟಿನಂತೆ ಎದ್ದಿದ್ದಳು. ಲಂಗ ಮೊಣಕಾಲಿನ ಮೇಲಿತ್ತು. ನಡೆಯುವಾಗ ಒಂದು ಕೈಯಿಂದ ಅದನ್ನು ಕೆಳಗೆ ಎಳೆದು ಹಿಡಿದಿದ್ದಳು.

"ಒಳ್ಳೇ ಹೊತ್ತಿಗೆ ಬಂದೆ ನೋಡು" ಅಂದರು ಈರಜ್ಜಿ. "ಇದ್ರ ಮಡಿಕೆ ಬಿಚ್ಚವ್ವ. ಹುಡುಗಿ ನಾಚ್ಕೆ ಪಡ್ತಾಳೆ."

ನಾನು ಎದ್ದೇಳಲಿಲ್ಲ. ಈರಜ್ಜಿಯೇ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಲಂಗದ ಅಂಚು ತಿರುವಿದರು. ಅವರ ಕಣ್ಣು ಮಂದ, ಬೆರಳು ಮಂದ ಅಲ್ಲ. ಹೆಬ್ಬೆರಳಿಂದ ಅಂಚನ್ನು ಸುತ್ತಲೂ ಸವರಿದರು. ಪವಿತ್ರಳನ್ನು ಕರೆದು ಅವಳದ್ದನ್ನೂ ಸವರಿದರು.

"ಅವತ್ತು ಗೆಣ್ಣು ಒತ್ತಿದ್ಯಲ್ಲ. ಕತ್ತರಿಸಿದ್ದೂ ಅರ್ಧಕ್ಕೇನಾ?"

ಬೈದಿದ್ದರೆ ಬೈಗುಳಕ್ಕೆ ಒಂದು ಬೆಲೆ ಕಟ್ಟಿ ಮುಗಿಸಬಹುದಿತ್ತು. ಅಜ್ಜಿ ಬೈಯಲಿಲ್ಲ. ಮತ್ತೆ ಉಣ್ಣೆ ಕೈಗೆ ತೆಗೆದುಕೊಂಡರು.

"ಎರಡೂ ಲಂಗ ಬಿಚ್ಚಿಸಿ ಕೊಡ್ರಿ ಅಜ್ಜಿ" ಅಂದೆ. "ಸೋಮವಾರ ಬೆಳಿಗ್ಗೆ ಮೇಷ್ಟ್ರ ಕೈಲಿ ಕಳಿಸ್ತೀನಿ."

ಶಾಲೆಗೆ ಹೋಗದೆ ಹಾಗೇ ಬಸ್ಸಿಗೆ ತಿರುಗಿದೆ. ಅಂಗಡಿಯಲ್ಲಿ ಹುಡುಕಿದರೆ ಆ ನೀಲಿಯ ಒಂದು ತುಂಡೂ ಇರಲಿಲ್ಲ, ಎಲ್ಲ ಮೇ ತಿಂಗಳಲ್ಲೇ ಖಾಲಿ. ಮರುದಿನ ಭಾನುವಾರ, ಬಟ್ಟೆ ಅಂಗಡಿಯವರು ಬಾಗಿಲು ತೆಗೆದಿರಲಿಲ್ಲ. ಬೀರು ತೆಗೆದು ಕೆಂಪು ಚೌಕಳಿಯ ಪಿನೋಫಾರಂ ಹೊರಗೆಳೆದೆ. ಅದರ ನಾಲ್ಕು ಬೆರಳ ಮಡಿಕೆಯನ್ನು ಬಿಚ್ಚಿದೆ, ಅಲ್ಲಿಂದ ಮೇಲಕ್ಕೆ ಕತ್ತರಿ ಹಾಕಿದೆ. ಎರಡು ನೀಲಿ ಲಂಗಕ್ಕೂ ಕೆಳಗೆ ಅಗಲ ಪಟ್ಟಿ ಕೊಟ್ಟು, ಒಳಗೆ ನಾಲ್ಕು ಬೆರಳು ಮಡಿಸಿ ಹೊಲಿದೆ.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪಿನೋಫಾರಂ ಗುರುತು ಸಿಕ್ಕಿತು. ಅದು ಬೀರುವಿನಲ್ಲಿ ಯಾಕಿತ್ತು ಎಂಬುದೂ ಹೊಳೆದಿರಬೇಕು. ಒಳಗೆ ಹೋಗಿ ಏಣಿ ತಂದರು, ಗೋಡೆಗೆ ಒರಗಿಸಿದರು, ಶೀಟಿನ ಕಡೆ ಹತ್ತಿದರು. ಮಳೆ ಹೋಗಿ ಒಂದು ತಿಂಗಳಾಗಿತ್ತು!

ಸೋಮವಾರ ಸಂಜೆ ಸಿಂಚನ ಶಾಲೆಯಿಂದ ಬಂದವಳೇ ಚೀಲ ಎಸೆದು ಮೂತಿ ಊದಿಸಿಕೊಂಡು ನಿಂತಳು.

"ನಂಗ್ಯಾಕಿಲ್ಲ?"

"ಏನೇ?"

"ಕೆಂಪು ಪಟ್ಟಿ. ಕಾವ್ಯಂಗೈತೆ, ಪವಿತ್ರಂಗೈತೆ."

"ಲೇ, ಅವರದ್ದು ಗಿಡ್ಡ ಆಗಿತ್ತು. ನಿಂದು ಸರಿಯಾಗೇ ಐತಲ್ಲೇ."

"ಐತೆ ಅಂತ ಯಾರು ಹೇಳಿದ್ರು? ನಂಗೂ ಹಾಕು."

ಒಂದು ದಿನವೂ ಮೈಮೇಲೆ ಬೀಳದ ಪಿನೋಫಾರಂ. ಒಳ್ಳೇ ಬಟ್ಟೆ, ನಾನೇ ನಾಲ್ಕು ಅಂಗಡಿ ತಿರುಗಿ ಚೌಕಾಶಿ ಮಾಡಿ ತಂದದ್ದು. ಉಳಿದಿದ್ದ ಅರ್ಧವನ್ನು ಮೇಜಿನ ಮೇಲೆ ಹಾಸಿ, ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಾ, ಕತ್ತರಿ ತೆಗೆದುಕೊಂಡೆ.